ಒರೆಗಲ್ಲಾದ ವಿಡಿಯೋ: ಕಂಪ್ಯೂಟರಿನ ವೇಗ ಅಳೆದ ಚರಿತ್ರೆ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಮಳೆಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಮುಲ್ಲೈಪೆರಿಯಾರ್ ಅಣೆಕಟ್ಟಿನಲ್ಲಿ ನೀರು ಎಷ್ಟು ಅಡಿ? 136 ಆಯಿತೇ, 142 ಮುಟ್ಟಿತೇ? ಪೆನ್ನಿಕ್ವಿಕ್ ಎಂಬ ಇಂಜಿನಿಯರ್ 1895ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟಿನ ನೀರು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿ ಬಂದು ಕಣಿವೆಯ 14,707 ಎಕರೆ ಇಬ್ಬೆಳೆ ಗದ್ದೆಗೆ ಹರಿಯುತ್ತದೆ. ಪೇಪರಿನವರಿಗೆ ಅಡಿ ಮುಖ್ಯ. ಆದರೆ ಗದ್ದೆಯವನನ್ನು ಕೇಳಿ ನೋಡಿ, ಅವನ ಲೆಕ್ಕವೇ ಬೇರೆ. ಕಾಲುವೆಗೆ ಎಷ್ಟು ನೀರು ಬಿಟ್ಟರು? ತನ್ನ ಗದ್ದೆ ತುಂಬಲು ಎಷ್ಟು ಹೊತ್ತು ಹಿಡಿಯಿತು? ಅಷ್ಟೇ!

ಕಂಪ್ಯೂಟರಿನ ಮಾತೂ ಹೀಗೆಯೇ. ಡಬ್ಬಿಯ ಮೇಲೆ ಇಂತಿಷ್ಟು ಗಿಗಾಹರ್ಟ್ಸ್ ಎಂದು ಬರೆದಿರುತ್ತದೆ. ಅದು ಅಣೆಕಟ್ಟಿನ ಅಡಿಯಿದ್ದ ಹಾಗೆ. ಯಂತ್ರದ ಒಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಎಂದು ಹೇಳುತ್ತದೆಯೇ ಹೊರತು, ನಮ್ಮ ಕೆಲಸ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎಂದು ಹೇಳುವುದಿಲ್ಲ. ಹಾಗಾದರೆ ಯಾವ ಸಂಖ್ಯೆಯನ್ನು ನಂಬಬೇಕು? ಈ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಿದ ಚರಿತ್ರೆಯೇ ಈ ಲೇಖನ. ಆ ಹುಡುಕಾಟದಲ್ಲಿ ವಿಡಿಯೋ ಒಂದು ಒರೆಗಲ್ಲಾಯಿತು. ಅಂದ ಹಾಗೆ, ಆ ಒರೆಗಲ್ಲಿನ ಮೂಲದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರ ಗಣಿತವಿದೆ!

ಕನ್ನಡ ಮೇಷ್ಟ್ರುಗಳಿಗೆ ಇದೆಲ್ಲ ಯಾಕೆ ಎಂದು ಕೇಳುವವರಿರಬಹುದು. ಕಾರಣವಿದೆ. ಗಡಿಯಾಚೆ ಇರುವ ನಮಗೆ ಕನ್ನಡದ ಪಾಠ ಹೊರಗಿನಿಂದ ಸುಲಭವಾಗಿ ಬರುವುದಿಲ್ಲ. ತಾಳವಾಡಿ, ಹೊಸೂರು, ಕಾಸರಗೋಡು ಕಡೆ ಕನ್ನಡ ಮಾಧ್ಯಮ ಶಾಲೆಗಳಾದರೂ ಇವೆ. ಕಂಬಂ ಕಣಿವೆಯಲ್ಲಿ, ದಿಂಡಿಗಲ್ ಸೀಮೆಯಲ್ಲಿ ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದ ಕುಟುಂಬಗಳಿವೆ. ಆ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿಯುವುದು ಬಹುಮಟ್ಟಿಗೆ ತಮಿಳಿನಲ್ಲಿ. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಅಂಥ ಮಗುವಿಗೆ ಪುಸ್ತಕ ಕಳಿಸಿ ಪ್ರಯೋಜನವೇನು? ಕೇಳುವ, ನೋಡುವ ಪಾಠ ಕಳಿಸಬೇಕು. 2020ರ ಜೂನ್ 1ರಂದು ಕೇರಳದಲ್ಲಿ ಕೈಟ್ ವಿಕ್ಟರ್ಸ್ ವಾಹಿನಿಯ ಫಸ್ಟ್ ಬೆಲ್ ತರಗತಿಗಳು ಆರಂಭವಾದಾಗ, ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ವಿಡಿಯೋ ಪಾಠಗಳೂ ತಯಾರಾದವು. ವಿಡಿಯೋ ಎಂಬುದು ನಮ್ಮಂಥವರಿಗೆ ಶೋಕಿಯಲ್ಲ, ಕರಿಹಲಗೆಯೇ ಎಂದು ಆಗ ಎಲ್ಲರಿಗೂ ಅರ್ಥವಾಯಿತು. ಆ ಕರಿಹಲಗೆ ತಯಾರಾಗುವುದು ಪ್ರೊಸೆಸರಿನೊಳಗೆ.

ಹಾಗಾದರೆ ವಿಡಿಯೋ ಎನ್‌ಕೋಡಿಂಗ್ ಎಂದರೇನು? ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ.

ಹಳೆಯ ವಿಸಿಡಿ ನೆನಪಿದೆಯಲ್ಲ? ನಮ್ಮ ದೇಶದ ಪದ್ಧತಿಯಂತೆ ಅದರಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದು ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು. ಬಣ್ಣದ ಮಾಹಿತಿಯನ್ನು ಸ್ವಲ್ಪ ಕಡಿಮೆ ಮಾಡಿ ಇಟ್ಟುಕೊಂಡರೂ ಸೆಕೆಂಡಿಗೆ ಸುಮಾರು 38 ಲಕ್ಷ ಬೈಟ್ ಬೇಕು. ಹಾಗೆಯೇ ತುಂಬಿದರೆ ಒಂದು ಸಿಡಿಯಲ್ಲಿ ಹಿಡಿಸುವುದು ಬರೀ ಮೂರು ನಿಮಿಷದ ಸಿನಿಮಾ! ಆದರೆ ವಿಸಿಡಿಯಲ್ಲಿ ಒಂದು ಗಂಟೆಗೂ ಹೆಚ್ಚು ಚಿತ್ರ ಹಿಡಿಸುತ್ತಿತ್ತು. ಅಂದರೆ ಚಿತ್ರವನ್ನು ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಹಿಂಡಿ ಇಟ್ಟಿರುತ್ತಿದ್ದರು. ಈ ಹಿಂಡುವ ಕೆಲಸವೇ ಎನ್‌ಕೋಡಿಂಗ್.

ಹಿಂಡುವುದು ಹೇಗೆ? ಹಿಂದಿನ ಚಿತ್ರದಲ್ಲಿ ಇದ್ದದ್ದೇ ಮುಂದಿನ ಚಿತ್ರದಲ್ಲೂ ಇದ್ದರೆ ಅದನ್ನು ಮತ್ತೆ ಬರೆಯಬೇಕಿಲ್ಲ, ಯಾವುದು ಎತ್ತ ಸರಿಯಿತು ಎಂದಷ್ಟೇ ಬರೆದರೆ ಸಾಕು. ಉಳಿದದ್ದನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಒಂದು ಗಣಿತದ ಜರಡಿಯಲ್ಲಿ ಆಡಿಸುತ್ತಾರೆ. ಕಣ್ಣಿಗೆ ಮುಖ್ಯವಾದದ್ದು ಒಂದು ಕಡೆ, ಕಣ್ಣು ಗಮನಿಸದ ಸಣ್ಣಪುಟ್ಟದ್ದು ಇನ್ನೊಂದು ಕಡೆ ಬೀಳುತ್ತದೆ. ಸಣ್ಣಪುಟ್ಟದ್ದನ್ನು ಬಹುಪಾಲು ಬಿಟ್ಟುಬಿಡುತ್ತಾರೆ.

ಆ ಜರಡಿಯ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ. ಅದನ್ನು ಕಂಡುಹಿಡಿದವರು ನಾಸಿರ್ ಅಹ್ಮದ್. ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1961ರಲ್ಲಿ ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು, ಮುಂದೆ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1972ರಲ್ಲಿ ಈ ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಕೇಳಿದರೆ ಸಿಗಲಿಲ್ಲ. ಅವರು ಕೆಲಸ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಸೇರಿ 1974ರ ಜನವರಿಯಲ್ಲಿ ಆ ಲೇಖನ ಪ್ರಕಟಿಸಿದರು. ಫೋಟೋಗಳ ಜೆಪೆಗ್, ವಿಸಿಡಿಯ ಎಂಪೆಗ್, ಮುಂದೆ ಬಂದ ಎಷ್ಟೋ ಪದ್ಧತಿಗಳು ಈ ಜರಡಿಯ ಮೇಲೆಯೇ ನಿಂತಿವೆ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಮೇಲಿನ ವಿಸಿಡಿಯ ಲೆಕ್ಕದಲ್ಲಿ ಒಂದು ಚಿತ್ರಕ್ಕೆ ಬಣ್ಣವೂ ಸೇರಿ 2,376 ಚೌಕಗಳಾಗುತ್ತವೆ. ಸೆಕೆಂಡಿಗೆ 25 ಚಿತ್ರ ಎಂದರೆ 59,400 ಚೌಕ. ಅಷ್ಟು ಸಲ ಜರಡಿ ಆಡಿಸಬೇಕು, ಅದೂ ಒಂದು ಸೆಕೆಂಡಿನ ಸಿನಿಮಾಕ್ಕೆ! ಪ್ರೊಸೆಸರಿಗೆ ಬೆವರು ಇಳಿಸುವ ಕೆಲಸ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಯಾವುದು?

ಇರಲಿ, ಈಗ ಅಳತೆಯ ಚರಿತ್ರೆಗೆ ಬರೋಣ.

ಮೊದಲು ಜನ ಎಣಿಸಿದ್ದು ಸೆಕೆಂಡಿಗೆ ಎಷ್ಟು ಲಕ್ಷ ಆದೇಶಗಳನ್ನು ಯಂತ್ರ ಪಾಲಿಸುತ್ತದೆ ಎಂದು. ಆದರೆ ಒಂದು ಯಂತ್ರದ ಒಂದು ಆದೇಶ ಇನ್ನೊಂದು ಯಂತ್ರದ ಮೂರು ಆದೇಶಕ್ಕೆ ಸಮವಾಗಬಹುದು. ಚಿಕ್ಕ ಕೊಡದಲ್ಲಿ ಹತ್ತು ಸಲ ನೀರು ತಂದವನು ದೊಡ್ಡ ಕೊಡದಲ್ಲಿ ಐದು ಸಲ ತಂದವನಿಗಿಂತ ಹೆಚ್ಚು ನೀರು ತಂದ ಎನ್ನಲಾಗುವುದೇ? ಆದುದರಿಂದ ಎಲ್ಲ ಯಂತ್ರಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡಬೇಕು ಎಂಬ ಆಲೋಚನೆ ಬಂತು. 1972ರಲ್ಲಿ ಬ್ರಿಟನ್ನಿನಲ್ಲಿ ವೆಟ್‌ಸ್ಟೋನ್ ಎಂಬ ಪರೀಕ್ಷಾ ಪ್ರೋಗ್ರಾಂ ತಯಾರಾಯಿತು. ವೆಟ್‌ಸ್ಟೋನ್ ಒಂದು ಊರಿನ ಹೆಸರು, ಇಂಗ್ಲಿಷಿನಲ್ಲಿ ಆ ಪದಕ್ಕೆ ಸಾಣೆಕಲ್ಲು ಎಂದೂ ಅರ್ಥ. ದಶಮಾಂಶ ಲೆಕ್ಕಗಳಲ್ಲಿ ಯಂತ್ರ ಎಷ್ಟು ಚುರುಕು ಎಂದು ಅದು ನೋಡುತ್ತಿತ್ತು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬವರು ಪೂರ್ಣಾಂಕಗಳಿಗೆ ಇನ್ನೊಂದನ್ನು ಬರೆದು, ತಮಾಷೆಗೆ ಡ್ರೈಸ್ಟೋನ್ ಎಂದು ಹೆಸರಿಟ್ಟರು. ಮೊದಲಿನದರ ಹೆಸರಿನಲ್ಲಿ ಒದ್ದೆ ಎಂಬ ಅರ್ಥದ ಇಂಗ್ಲಿಷ್ ಪದದ ಧ್ವನಿ ಕೇಳಿಸುತ್ತದಲ್ಲ, ಇದು ಒಣಗಿದ್ದು!

ಆದರೆ ಪ್ರಶ್ನೆಪತ್ರಿಕೆ ಚಿಕ್ಕದು, ಪ್ರತಿವರ್ಷ ಅದೇ ಪ್ರಶ್ನೆ ಎಂದಾದರೆ ಏನಾಗುತ್ತದೆ ಎಂದು ಮೇಷ್ಟ್ರುಗಳಿಗೆ ಬೇರೆ ಹೇಳಬೇಕೇ? ಬಾಯಿಪಾಠ! ಇಲ್ಲಿಯೂ ಅದೇ ಆಯಿತು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರುಗಳು ಜಾಣವಾದವು. ಪರೀಕ್ಷೆಯ ಕೆಲವು ಲೆಕ್ಕಗಳ ಉತ್ತರ ಯಾರಿಗೂ ಬೇಕಾಗಿಲ್ಲ ಎಂದು ಕಂಡುಕೊಂಡು ಅವನ್ನು ಮಾಡದೆಯೇ ಬಿಟ್ಟವು. ಅಂಕ ಏರಿತು, ಕೆಲಸ ಏರಲಿಲ್ಲ. ಇದರಿಂದ ಬೇಸತ್ತವರು 1988ರಲ್ಲಿ ಸ್ಪೆಕ್ ಎಂಬ ಸಂಸ್ಥೆ ಕಟ್ಟಿ, ಕೃತಕ ಲೆಕ್ಕ ಬೇಡ, ಜನ ನಿಜವಾಗಿ ಬಳಸುವ ಪ್ರೋಗ್ರಾಮುಗಳನ್ನೇ ಓಡಿಸಿ ನೋಡೋಣ ಎಂದರು. ಇದು ದೊಡ್ಡ ತಿರುವು.

ಮನೆಯ ಕಂಪ್ಯೂಟರಿನಲ್ಲಿ ಜನ ನಿಜವಾಗಿ ಮಾಡುವ ಭಾರದ ಕೆಲಸ ಯಾವುದು? ಪತ್ರ ಬರೆಯಲು ಯಾವ ಯಂತ್ರವಾದರೂ ಸಾಕು. 1990ರ ದಶಕದ ಕೊನೆಯ ಹೊತ್ತಿಗೆ ಉತ್ತರ ಸಿಕ್ಕಿತು... ವಿಡಿಯೋ. 1997ರ ಜನವರಿಯಲ್ಲಿ ಇಂಟೆಲ್ ಕಂಪನಿ ಪೆಂಟಿಯಂ ಪ್ರೊಸೆಸರಿಗೆ ಎಂಎಂಎಕ್ಸ್ ಎಂಬ ಹೊಸ ಆದೇಶಗಳನ್ನು ಸೇರಿಸಿತು. ಒಂದೇ ಆದೇಶದಲ್ಲಿ ನಾಲ್ಕು ಸಣ್ಣ ಸಂಖ್ಯೆಗಳನ್ನು ಒಟ್ಟಿಗೆ ಕೂಡಬಹುದಿತ್ತು. ಚಿತ್ರದ ಚೌಕಗಳಿಗೆ ಹೇಳಿ ಮಾಡಿಸಿದ ಹಾಗೆ!

ಅಷ್ಟರಲ್ಲಿ ಗಡಿಯಾರದ ಪೈಪೋಟಿ ಜೋರಾಯಿತು. 2000ದ ಮಾರ್ಚ್ 6ರಂದು ಎಎಂಡಿ ಕಂಪನಿ 1 ಗಿಗಾಹರ್ಟ್ಸ್ ಅಥ್ಲಾನ್ ಪ್ರಕಟಿಸಿತು, ಎರಡೇ ದಿನ ಬಿಟ್ಟು ಇಂಟೆಲ್ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ಪ್ರಕಟಿಸಿತು. ನವೆಂಬರ್ 20ರಂದು ಪೆಂಟಿಯಂ 4 ಬಂತು. ಗಡಿಯಾರ 1.5 ಗಿಗಾಹರ್ಟ್ಸ್. ಎದುರಾಳಿ ಅಥ್ಲಾನಿನದು 1.2. ಪೆಂಟಿಯಂ 4ರ ಒಳಗೆ ಒಂದು ಕೆಲಸವನ್ನು 20 ಸಣ್ಣ ಹಂತಗಳಾಗಿ ಒಡೆದಿದ್ದರು, ಪೆಂಟಿಯಂ 3ರಲ್ಲಿ ಸುಮಾರು ಅದರ ಅರ್ಧ. ಹಂತ ಸಣ್ಣದಾದಷ್ಟೂ ಗಡಿಯಾರವನ್ನು ಬೇಗ ಬಡಿಸಬಹುದು. ಆದರೆ ಒಂದೊಂದು ಬಡಿತಕ್ಕೆ ಆಗುವ ಕೆಲಸವೂ ಕಡಿಮೆಯಾಗಬಹುದು. ಪುಟ್ಟ ಹೆಜ್ಜೆಗಳನ್ನು ಪಟಪಟನೆ ಇಡುವ ಮಗುವಿನ ಜೊತೆ ಅಪ್ಪ ನಿಧಾನವಾಗಿ ನಡೆದರೂ ಅಪ್ಪನೇ ಮುಂದಿರುತ್ತಾನಲ್ಲ, ಹಾಗೆ.

ಆಗ ನಡೆದದ್ದು ಈ ಚರಿತ್ರೆಯಲ್ಲೇ ಸ್ವಾರಸ್ಯದ ಘಟನೆ. ಟಾಮ್ಸ್ ಹಾರ್ಡ್‌ವೇರ್ ಎಂಬ ತಾಣದವರು ಹೊಸ ಪ್ರೊಸೆಸರನ್ನು ಪರೀಕ್ಷಿಸಲು ಫ್ಲಾಸ್ಕ್ ಎಂಪೆಗ್ ಎಂಬ ಪ್ರೋಗ್ರಾಂ ಬಳಸಿದರು. ಡಿವಿಡಿಯ ಚಿತ್ರವನ್ನು ಸಣ್ಣ ಕಡತವಾಗಿ ಪರಿವರ್ತಿಸುವ ಪ್ರೋಗ್ರಾಂ ಅದು, ಬರೆದವರು ಆಲ್ಬರ್ಟೊ ವಿಗಾಟಾ. ಫಲಿತಾಂಶ ನೋಡಿದರೆ 1.5 ಗಿಗಾಹರ್ಟ್ಸ್ ಪೆಂಟಿಯಂ 4, 1.2 ಗಿಗಾಹರ್ಟ್ಸ್ ಅಥ್ಲಾನಿಗಿಂತ ಹಿಂದೆ! ಇಂಟೆಲ್ ಸುಮ್ಮನಿರಲಿಲ್ಲ. ಫ್ಲಾಸ್ಕ್‌ನ ಮೂಲ ಬರಹ ಎಲ್ಲರಿಗೂ ತೆರೆದಿತ್ತು. ಇಂಟೆಲ್ಲಿನ ಇಂಜಿನಿಯರುಗಳು ಅದನ್ನು ತೆಗೆದುಕೊಂಡು ಡಿಸಿಟಿ ಜರಡಿಯನ್ನು ಹಿಂದುಮುಂದಾಗಿ ಆಡಿಸುವ ಭಾಗವನ್ನು, ಅಂದರೆ ಹಿಂಡಿದ್ದನ್ನು ಮತ್ತೆ ಚಿತ್ರವಾಗಿ ಬಿಡಿಸುವ ಭಾಗವನ್ನು, ಪೆಂಟಿಯಂ 4ರ ಹೊಸ ಎಸ್‌ಎಸ್‌ಇ2 ಆದೇಶಗಳಿಗೆ ಹೊಂದಿಸಿದರು. ಮತ್ತೆ ಪರೀಕ್ಷೆ ಮಾಡಿದರೆ ಪೆಂಟಿಯಂ 4 ಮುಂದಕ್ಕೆ ಹಾರಿತ್ತು! ಅನಂತರ ಅಥ್ಲಾನಿಗೆ ಅನುಕೂಲವಾಗುವ ತಿದ್ದುಪಡಿಗಳೂ ಬಂದು ಅದರ ವೇಗವೂ ಏರಿತು.

ಯಂತ್ರ ಅದೇ, ಸಿನಿಮಾ ಅದೇ. ಬದಲಾದದ್ದು ಪ್ರೋಗ್ರಾಮಿನ ಕೆಲವು ಸಾಲುಗಳು. ಸೋತವರು ಗೆದ್ದರು. ಅಂದರೆ ಪರೀಕ್ಷೆಯಲ್ಲಿ ನಾವು ಅಳೆಯುವುದು ಪ್ರೊಸೆಸರನ್ನು ಮಾತ್ರವಲ್ಲ, ಪ್ರೊಸೆಸರ್ ಮತ್ತು ಪ್ರೋಗ್ರಾಂ ಎರಡರ ಜೋಡಿಯನ್ನು. ಗದ್ದೆ ತುಂಬುವುದು ಅಣೆಕಟ್ಟಿನಿಂದ ಮಾತ್ರವಲ್ಲ, ಕಾಲುವೆಯ ಹೂಳು ತೆಗೆದಿದ್ದಾರೋ ಇಲ್ಲವೋ ಎಂಬುದರಿಂದಲೂ.

2001ರ ಅಕ್ಟೋಬರಿನಲ್ಲಿ ಎಎಂಡಿ ಗಡಿಯಾರದ ಸಂಖ್ಯೆಯನ್ನು ಹೆಸರಿನಿಂದಲೇ ಕೈಬಿಟ್ಟಿತು. 1.53 ಗಿಗಾಹರ್ಟ್ಸ್‌ನ ಅಥ್ಲಾನ್ ಎಕ್ಸ್‌ಪಿಗೆ 1800+ ಎಂದು ಹೆಸರಿಟ್ಟು, ಇದು ಮಾಡುವ ಕೆಲಸ ನೋಡಿ ಎಂದಿತು. 2004ರ ಅಕ್ಟೋಬರಿನಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಬಿಟ್ಟಿತು. ಗಡಿಯಾರ ಬೇಗ ಬಡಿದಷ್ಟೂ ಯಂತ್ರ ಕಾಯುತ್ತಿತ್ತು. 2005ರಲ್ಲಿ ಎರಡೂ ಕಂಪನಿಗಳು ಒಂದೇ ಪ್ರೊಸೆಸರಿನೊಳಗೆ ಎರಡೆರಡು ತಿರುಳು, ಅಂದರೆ ಎರಡು ಕೋರ್, ಇಟ್ಟು ಮಾರಿದವು. ಈ ಹಾದಿಯಲ್ಲಿ ನಮ್ಮವರ ಹೆಜ್ಜೆಯೂ ಇದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಕ್ಸಿಯಾನ್ 7400 ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ.

ಕೋರ್ ಹೆಚ್ಚಿದರೆ ವೇಗ ಅಷ್ಟೇ ಪಟ್ಟು ಹೆಚ್ಚುತ್ತದೆಯೇ? ಇಲ್ಲ. ಕಂಬಂ ಕಡೆಯ ದ್ರಾಕ್ಷಿ ತೋಟ ನೆನೆಸಿಕೊಳ್ಳಿ. ಗೊಂಚಲು ಕೊಯ್ಯಲು ನಾಲ್ಕು ಜನ ಬಂದರೆ ಕೊಯ್ಲು ಬೇಗ ಆಗುತ್ತದೆ. ಆದರೆ ತಕ್ಕಡಿ ಒಂದೇ ಇದ್ದರೆ ತೂಕದ ಹತ್ತಿರ ಎಲ್ಲರೂ ಸಾಲು ನಿಲ್ಲಬೇಕು. ಜೀನ್ ಆಮ್ಡಾಲ್ ಎಂಬ ಇಂಜಿನಿಯರ್ 1967ರಲ್ಲೇ ಈ ಮಾತನ್ನು ಹೇಳಿದ್ದರು. ಹಂಚಲಾಗದ ಕೆಲಸ ಎಷ್ಟಿದೆಯೋ ಅದೇ ಒಟ್ಟು ವೇಗಕ್ಕೆ ಕಡಿವಾಣ. ವಿಡಿಯೋ ಹಿಂಡುವ ಕೆಲಸದಲ್ಲಿ ಹಂಚಬಹುದಾದ ಪಾಲು ದೊಡ್ಡದು. ಆದುದರಿಂದಲೇ ಬಹುಕೋರ್ ಕಾಲದಲ್ಲಿ ಅದು ಇನ್ನಷ್ಟು ಒಳ್ಳೆಯ ಒರೆಗಲ್ಲಾಯಿತು. 2003ರಲ್ಲಿ ಎಚ್.264 ಎಂಬ ಹೊಸ ಪದ್ಧತಿ ಬಂತು. ಅದಕ್ಕಾಗಿ ಬರೆದ ಎಕ್ಸ್264 ಎಂಬ ಮುಕ್ತ ಎನ್‌ಕೋಡರ್ ಪ್ರೊಸೆಸರ್ ವಿಮರ್ಶೆಗಳಲ್ಲಿ ಕಾಯಂ ಪ್ರಶ್ನೆಪತ್ರಿಕೆಯಾಯಿತು. ಅಂಕ ಕೊಡುವ ಕ್ರಮವೂ ಸರಳ: ಸೆಕೆಂಡಿಗೆ ಎಷ್ಟು ಚಿತ್ರ ಹಿಂಡಿತು? ಇದು ಗದ್ದೆಯವನ ಲೆಕ್ಕ!

ಇಲ್ಲಿಯೂ ಮೋಸಹೋಗುವ ದಾರಿ ಒಂದಿದೆ. 2011ರ ಜನವರಿಯಲ್ಲಿ ಬಂದ ಇಂಟೆಲ್ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವಿತ್ತು. ವಿಡಿಯೋ ಹಿಂಡುವುದಷ್ಟೇ ಅದರ ಕಸುಬು. ವೇಗ ಬಹಳ. ಆದರೆ ಆಗ ಅಷ್ಟೇ ಗಾತ್ರದ ಕಡತದಲ್ಲಿ ಎಕ್ಸ್264ರ ನಿಧಾನದ ಕ್ರಮ ಕೊಡುವಷ್ಟು ಚೊಕ್ಕ ಚಿತ್ರ ಅದರಿಂದ ಬರುತ್ತಿರಲಿಲ್ಲ. ಅವಸರದಲ್ಲಿ ಬರೆದ ಉತ್ತರಪತ್ರಿಕೆಯನ್ನು ಬರೀ ಗಡಿಯಾರ ನೋಡಿ ತಿದ್ದಲಾಗದು. ಎಷ್ಟು ಹೊತ್ತು, ಎಷ್ಟು ಗಾತ್ರ, ಚಿತ್ರ ಎಷ್ಟು ಚೊಕ್ಕ ಎಂಬ ಮೂರನ್ನೂ ಒಟ್ಟಿಗೆ ನೋಡಬೇಕು. ಎರಡನ್ನು ಸಮ ಇಟ್ಟು ಮೂರನೆಯದನ್ನು ಹೋಲಿಸಿದರೆ ಮಾತ್ರ ನ್ಯಾಯ.

2013ರಲ್ಲಿ ಇನ್ನೂ ಹೆಚ್ಚು ಹಿಂಡುವ ಎಚ್‌ಇವಿಸಿ ಪದ್ಧತಿ ಬಂತು. ಅದರ ಎಕ್ಸ್265 ಎನ್‌ಕೋಡರನ್ನು ಬೆಳೆಸಿದ ಮಲ್ಟಿಕೋರ್‌ವೇರ್ ಕಂಪನಿಯ ದೊಡ್ಡ ತಂಡ ಚೆನ್ನೈಯಲ್ಲಿದೆ. ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಇಟ್ಟಿಯಂ ಕಂಪನಿ ಬರೆದ ವಿಡಿಯೋ ಬಿಡಿಸುವ ಪ್ರೋಗ್ರಾಮುಗಳು ಆಂಡ್ರಾಯ್ಡ್ ಮೂಲ ಬರಹದಲ್ಲಿ ಸೇರಿವೆ. ಇಟ್ಟಿಯಂ ಮತ್ತು ಬೆಂಗಳೂರಿನ ಹೆಸರು ಆ ಕಡತಗಳ ತಲೆಯಲ್ಲೇ ಇದೆ. ನಾಸಿರ್ ಅಹ್ಮದರ ಊರಿಗೆ ವಿಡಿಯೋ ಹೀಗೆ ಒಂದು ಸುತ್ತು ತಿರುಗಿ ಬಂತು.

ಈಗ ನಮ್ಮ ಶಾಲೆಯ ಕೊಠಡಿಗೆ ಬರೋಣ. ತಮಿಳುನಾಡು ಸರಕಾರ 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿತು. ಬೇರೆ ಬೇರೆ ವರ್ಷ ಬೇರೆ ಬೇರೆ ಕಂಪನಿಗಳ ಯಂತ್ರಗಳು ಬಂದವು. ಅಂಥವುಗಳಲ್ಲಿ ಪಾಠ ತಯಾರಿಸಲು ಯಾವುದು ಮೇಲು? ಗಿಗಾಹರ್ಟ್ಸ್ ನೋಡಬೇಡಿ, ಹೀಗೆ ಮಾಡಿ.

ಹತ್ತು ನಿಮಿಷದ ಒಂದೇ ಪಾಠದ ವಿಡಿಯೋ ತೆಗೆದುಕೊಳ್ಳಿ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ಪ್ರೋಗ್ರಾಮಿನ ಒಂದೇ ಆವೃತ್ತಿಯನ್ನು ಎಲ್ಲ ಯಂತ್ರಗಳಿಗೂ ಹಾಕಿ. ಎಲ್ಲದರಲ್ಲೂ ಒಂದೇ ಆಯ್ಕೆಗಳಿರಲಿ. ಚಾರ್ಜರ್ ಸಿಕ್ಕಿಸಿಯೇ ಇರಲಿ, ಬ್ಯಾಟರಿಯಲ್ಲಿ ಎಷ್ಟೋ ಯಂತ್ರಗಳು ತಾವಾಗಿಯೇ ನಿಧಾನವಾಗುತ್ತವೆ. ಬೇರೆ ಪ್ರೋಗ್ರಾಮುಗಳನ್ನು ಮುಚ್ಚಿ. ಮೂರು ಸಲ ಓಡಿಸಿ, ನಡುವಿನ ಅಂಕ ಬರೆದುಕೊಳ್ಳಿ. ಕಡತದ ಗಾತ್ರ ಬರೆಯಿರಿ, ಚಿತ್ರವನ್ನು ಕಣ್ಣಿಂದ ನೋಡಿ. ಒಂದೇ ನಿಮಿಷದ ಪರೀಕ್ಷೆ ಸಾಲದು. ನಮ್ಮ ಬಿಸಿಲಿಗೆ ಯಂತ್ರ ಕಾದ ಮೇಲೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಅದು ಗೊತ್ತಾಗುವುದು ಹತ್ತು ನಿಮಿಷ ದುಡಿಸಿದಾಗಲೇ.

ಇದರಿಂದ ಏನು ವ್ಯತ್ಯಾಸ? 40 ನಿಮಿಷದ ಒಂದು ಪೀರಿಯಡ್ಡಿನ ವಿಡಿಯೋದಲ್ಲಿ 60,000 ಚಿತ್ರಗಳು. ಒಂದು ಯಂತ್ರ ಸೆಕೆಂಡಿಗೆ 10 ಚಿತ್ರ, ಇನ್ನೊಂದು 40 ಚಿತ್ರ ಹಿಂಡುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ ಒಂದು ಗಂಟೆ ನಲವತ್ತು ನಿಮಿಷ ಬೇಕು, ಎರಡನೆಯದಕ್ಕೆ ಇಪ್ಪತ್ತೈದೇ ನಿಮಿಷ. ಕಾದರಾಯಿತು ಬಿಡಿ ಎನ್ನಬಹುದು. ಆದರೆ 2012ರ ತಮಿಳುನಾಡನ್ನು ನೆನೆಯಿರಿ. ಚೆನ್ನೈ ಬಿಟ್ಟು ಉಳಿದ ಕಡೆ ಎಷ್ಟೋ ಊರುಗಳಲ್ಲಿ ಒಂದು ಗಂಟೆ ಕರೆಂಟು ಇದ್ದರೆ ಇನ್ನೊಂದು ಗಂಟೆ ಇಲ್ಲ. ನಡುವೆ ಕರೆಂಟು ಹೋದರೆ ಎನ್‌ಕೋಡಿಂಗ್ ಮತ್ತೆ ಮೊದಲಿನಿಂದ. ಬ್ಯಾಟರಿಯಿಲ್ಲದ ಮೇಜಿನ ಕಂಪ್ಯೂಟರಿನಲ್ಲಿ ಮೊದಲನೆಯ ಪಾಠ ನಿಧಾನವಾಗಿ ಮುಗಿಯುವುದಲ್ಲ, ಮುಗಿಯುವುದೇ ಇಲ್ಲ! ಎರಡನೆಯದು ಒಂದೇ ಗಂಟೆಯಲ್ಲಿ ಎರಡು ಸಲ ಮುಗಿಯುತ್ತದೆ. ವೇಗವೆಂಬುದು ಇಲ್ಲಿ ಸೌಕರ್ಯದ ಪ್ರಶ್ನೆಯಲ್ಲ, ಪಾಠ ಮಗುವಿಗೆ ತಲುಪುವುದೋ ಇಲ್ಲವೋ ಎಂಬ ಪ್ರಶ್ನೆ.

ಹಾಗೆಂದು ನಿಧಾನದ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಫ್ಲಾಸ್ಕ್‌ನ ಕಥೆ ಹೇಳುವುದು ಅದನ್ನೇ. ಪಾಠವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡಿದರೆ ಅದೇ ಹಳೆಯ ಯಂತ್ರದಲ್ಲಿ ಒಂದೊಂದು ತುಂಡು ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಚುಕ್ಕಿಗಳ ಸಂಖ್ಯೆ ಇಳಿಸಿದರೆ ಇನ್ನೂ ಬೇಗ. ಮೊಬೈಲಿನ ಪುಟ್ಟ ಪರದೆಗೆ ಮೇಷ್ಟ್ರ ಮುಖ ಅಷ್ಟು ಚೊಕ್ಕ ಬೇಕಿಲ್ಲ, ಹಲಗೆಯ ಮೇಲಿನ ಅಕ್ಷರ ಓದಲು ಬಂದರೆ, ಧ್ವನಿ ಸ್ಪಷ್ಟವಿದ್ದರೆ ಸಾಕು. ಯಂತ್ರ ಬದಲಿಸಲು ಹಣ ಬೇಕು, ಕಾಲುವೆಯ ಹೂಳು ತೆಗೆಯಲು ತಿಳಿವಳಿಕೆ ಸಾಕು.

ಕಂಪನಿಯವರು ಹೇಳುವ ಸಂಖ್ಯೆ ಸುಳ್ಳೆಂದಲ್ಲ. ಅದು ಅವರ ಅಣೆಕಟ್ಟಿನ ಅಡಿ. ನಮ್ಮ ಮಡಿ ತುಂಬಲು ಎಷ್ಟು ಹೊತ್ತು ಎಂಬುದನ್ನು ನಾವೇ ಅಳೆದುಕೊಳ್ಳಬೇಕು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಪರೀಕ್ಷೆಯನ್ನೇ ಒಂದು ಚಟುವಟಿಕೆಯಾಗಿ ಕೊಡಬಹುದು. ಸರಾಸರಿ, ಅನುಪಾತ, ಕೋಷ್ಟಕ ಎಲ್ಲವೂ ಅದರಲ್ಲಿವೆ. ನಿಮ್ಮ ಶಾಲೆಯ ಯಂತ್ರಗಳು ಸೆಕೆಂಡಿಗೆ ಎಷ್ಟು ಚಿತ್ರ ಹಿಂಡಿದವು ಎಂದು ಬರೆದು ತಿಳಿಸಿ. ಎಲ್ಲರ ಅಂಕಗಳನ್ನೂ ಸೇರಿಸಿ ಗಡಿಯಾಚೆಯ ಕನ್ನಡ ಶಾಲೆಗಳದೇ ಒಂದು ಕೋಷ್ಟಕ ಮಾಡೋಣ.